ಬೆಣ್ಣೆಯ ಮುಂಗಾಲು ನೋಡುವ ಸಣ್ಣತಾಯಮ್ಮ

ಕಾರ್ತಿಕದ ಬೆಳಗು. ಕಲ್ಲಿಕೋಟೆಯ ಕಡೆ ಹೊರಟ ಮೊದಲ ಲಾರಿಯ ಸದ್ದು ಗುಂಡ್ಲುಪೇಟೆಯ ಬೀದಿಯಲ್ಲಿ ಇನ್ನೂ ಆರಿಲ್ಲ. ಈರುಳ್ಳಿ ವ್ಯಾಪಾರಿ ವೃಷಭೇಂದ್ರಪ್ಪನವರ ಮನೆಯ ಹಿತ್ತಿಲ ಬಾಗಿಲನ್ನು ಸಣ್ಣತಾಯಮ್ಮ ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬರುತ್ತಾಳೆ. ಒಂದು ಕೈಯಲ್ಲಿ ಇಬ್ಬನಿ ಕೊಡವಿದ ಗರಿಕೆ, ಇನ್ನೊಂದು ಕಂಕುಳಲ್ಲಿ ಒಣಹುಲ್ಲು. ಮರದ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಮೊದಲು ತಲೆಯನ್ನೇ ಒಳಗೆ ತೂರಿಸಿ ಮೂಸುತ್ತಾಳೆ. ಉಚ್ಚೆಯ ಗಾಟು ಹೊಡೆದರೆ ಹಳೆಯ ಹುಲ್ಲೆಲ್ಲ ಹೊರಗೆ. ಆಮೇಲೆ ಬಿಳಿ ಮೊಲವನ್ನು ಎದೆಗೊತ್ತಿಕೊಂಡು ಅದರ ಮುಂಗಾಲಿನ ಒಳಮೈಯನ್ನು ಹೆಬ್ಬೆರಳಿನಿಂದ ಸವರುತ್ತಾಳೆ.

"ಅಂಟಿಲ್ಲ ಕಣವ್ವ," ಎಂದು ಬಾಗಿಲಲ್ಲಿ ಕಣ್ಣುಜ್ಜುತ್ತ ನಿಂತ ಮಲ್ಲಾಜಿಗೆ ಹೇಳುತ್ತಾಳೆ. "ಇವತ್ತು ಸುಖವಾಗಿ ಅದೆ. ಓಗು, ಮೊಕ ತೊಳ್ಕೊ."

ಮಲ್ಲಾಜಿ ವೃಷಭೇಂದ್ರಪ್ಪನವರ ಒಂಬತ್ತು ವರ್ಷದ ಮಗಳು. ಮೊಲ ಅವಳದು, ಹೆಸರು ಬೆಣ್ಣೆ. ನೆಗಡಿಯಾದ ಮೊಲ ಮೂಗನ್ನು ಮುಂಗಾಲಲ್ಲೇ ಒರೆಸಿಕೊಳ್ಳುತ್ತದೆ. ಅಲ್ಲಿಯ ರೋಮ ಗೋಂದು ಹಚ್ಚಿದಂತೆ ಗಂಟುಗಟ್ಟುತ್ತದೆ. "ಮೂಗ ನೋಡುದ್ರೆ ಗೊತ್ತಾಗಕಿಲ್ಲ, ಒರುಸ್ಕೊಂಬುಟ್ಟಿರ್ತದೆ ಕಳ್ಳಿ," ಎನ್ನುತ್ತಾಳೆ ಸಣ್ಣತಾಯಮ್ಮ. "ಕಾಲು ನೋಡ್ಬೇಕು."

ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಅವಳು ದನದ ಆಸ್ಪತ್ರೆಯಲ್ಲಿ ಕಸ ಗುಡಿಸುವವಳು. ಹುಟ್ಟೂರು ಭೀಮನಬೀಡು, ಗಂಡ ತೀರಿಕೊಂಡ ವರ್ಷ ಪೊರಕೆ ಹಿಡಿದು ಅವಳು ಇಲ್ಲಿಗೆ ಬಂದು ಈಗ ಹನ್ನೆರಡು ವರ್ಷ. ದಿನಕ್ಕೆ ಮೂವತ್ತು ನಲವತ್ತು ದನ ಬರುತ್ತವೆ, ಸಂತೆಯ ದಿನ ಅರವತ್ತು. ಗುಡಿಸುವುದು ಒಂದು ಪಾಲಾದರೆ ಹಿಡಿದು ನಿಲ್ಲಿಸುವುದು ಮೂರು ಪಾಲು. ಒಮ್ಮೆ ಹಳ್ಳಿಕಾರ್ ಹೋರಿಯೊಂದು ಕಂಬಕ್ಕೆ ಒತ್ತಿದ್ದರಿಂದ ಎಡಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. "ಮೂರು ಸಾಕು ಬುಡಿ. ಮೊಲ ಏನು ಓರಿಯಾ?" ಎಂದು ನಗುತ್ತಾಳೆ.

ಬೆಣ್ಣೆ ಬಂದದ್ದು ಊಟಿಯಿಂದ, ಎಲೆಕೋಸಿನ ಲಾರಿಯಲ್ಲಿ. ಡ್ರೈವರು ತನ್ನ ಸಾಹುಕಾರರ ಮಗಳಿಗೆಂದು ಪುಟ್ಟ ಬುಟ್ಟಿಯಲ್ಲಿ ಇಟ್ಟುಕೊಂಡು ಬಂದಿದ್ದ. ಬೇಸಗೆ ಚೆನ್ನಾಗಿಯೇ ಕಳೆಯಿತು. ಆಷಾಢದ ಗಾಳಿ ಬೀಸಿದ್ದೇ ಸೀನು ಶುರುವಾಯಿತು. ದನದ ಆಸ್ಪತ್ರೆಯ ಡಾಕ್ಟರ್ ಗಂಗಾಧರಸ್ವಾಮಿಯವರು ಎದೆಗೆ ಕಿವಿಗೊಟ್ಟು ಕೇಳಿ, ಸಲ್ಫಾ ಮಾತ್ರೆಯನ್ನು ಚೂರು ಮಾಡಿ ಕೊಟ್ಟರು. ಐದು ದಿನಕ್ಕೆ ವಾಸಿ. ಹತ್ತು ದಿನಕ್ಕೆ ಮತ್ತೆ ಸೀನು. ಮತ್ತೆ ಮಾತ್ರೆ, ಮತ್ತೆ ವಾಸಿ, ಮತ್ತೆ ಸೀನು. "ಇದು ಒಳಗೇ ಕೂತಿರೋ ಕಾಯಿಲೆ. ಪೂರ್ತಿ ಹೋಗುತ್ತೆ ಅಂತ ಹೇಳಲಾರೆ. ಏಳದ ಹಾಗೆ ನೋಡ್ಕೋಬೇಕು," ಎಂದರು ಡಾಕ್ಟರು. ನೋಡಿಕೊಳ್ಳುವ ಕೆಲಸ, ಪಕ್ಕದಲ್ಲಿ ಮೊಲ ಹಿಡಿದು ನಿಂತಿದ್ದ ಸಣ್ಣತಾಯಮ್ಮನ ಪಾಲಿಗೆ ಬಂತು.

ಮೊಲಕ್ಕೆ ನೆಗಡಿಯಾದರೆ ಯಾರಿಗೇನು ಎನ್ನುವಂತಿರಲಿಲ್ಲ. ವೃಷಭೇಂದ್ರಪ್ಪನವರ ತಾಯಿ ಗುರುಸಿದ್ದಮ್ಮನವರಿಗೆ ಸೀನು ಎಂದರೆ ಶಕುನ. ಮಗ ಹೊಸಿಲು ದಾಟುವಾಗ ಯಾರೇ ಸೀನಲಿ, ಆತ ತಿರುಗಿ ಬಂದು ಕೂತು, ನೀರು ಕುಡಿದು ಹೊರಡಬೇಕು. ಗುರುವಾರ ಗುರುವಾರ ಈರುಳ್ಳಿ ಲಾರಿ ಹೊರಡುವ ಹೊತ್ತಿಗೆ ಬೆಣ್ಣೆ ಸೀನುತ್ತಿತ್ತು. ಆತ ಕೂರುವುದು, ಏಳುವುದು, ಅದು ಮತ್ತೆ ಸೀನುವುದು. ಒಂದು ಗುರುವಾರ ಅವರು ನಾಲ್ಕು ಚೊಂಬು ನೀರು ಕುಡಿದರು.

"ಈ ಮೊಲ ನಂಗೆ ದಾರಿ ಬುಡಕಿಲ್ಲ," ಎಂದರು ಅವತ್ತು. "ಇನ್ನೆರಡು ಗುರುವಾರ ನೋಡ್ತೀನಿ. ಮೂರನೆ ಗುರುವಾರವೂ ಸೀನುದ್ರೆ ಬಂಡೀಪುರದ ಕಾಡಿಗೆ ಬುಟ್ಟು ಬತ್ತೀನಿ. ಅದರ ಪಾಡು ಅದುಕ್ಕೆ."

ಗೂಡಲ್ಲಿ ಬೆಳೆದ ಮೊಲ ಕಾಡಲ್ಲಿ ಒಂದು ರಾತ್ರಿಯನ್ನೂ ಕಳೆಯದು ಎಂದು ಸಣ್ಣತಾಯಮ್ಮನಿಗೆ ಗೊತ್ತು. ಮಲ್ಲಾಜಿಗೂ ಗೊತ್ತು, ಹುಡುಗಿ ಅಂದು ಉಣ್ಣಲಿಲ್ಲ.

ಸಣ್ಣತಾಯಮ್ಮ ಮಾಡುವುದನ್ನೆಲ್ಲ ಮಾಡಿದಳು. ಗಾಳಿ ಹೊಡೆಯುವ ಕಡೆಗೆ ತಟ್ಟಿ ಕಟ್ಟಿದಳು, ದಿನಕ್ಕೆರಡು ಸಲ ಹುಲ್ಲು ಬದಲಿಸಿದಳು. ಮುಸ್ಸಂಜೆಗೆ ತಪ್ಪದೆ ಹೊಗೆ ಹಾಕಿದಳು. ದನದ ಕೊಟ್ಟಿಗೆಗೆ ಸಂಜೆ ಹೊಗೆ ಹಾಕುವುದು ಈ ಸೀಮೆಯಲ್ಲಿ ದೀಪ ಹಚ್ಚಿದಷ್ಟೇ ಸಹಜ: ಒಡೆದ ಮಡಕೆಯಲ್ಲಿ ಬೆರಣಿಯ ಕೆಂಡ, ಮೇಲೆ ಹಸಿಬೇವು. ಸೊಳ್ಳೆ, ನೊಣ ಓಡುತ್ತವೆ. ದನ ನೆಮ್ಮದಿಯಾಗಿ ಮಲಗುತ್ತದೆ. ಸೀನು ಹೆಚ್ಚಾದಂತೆ ಅವಳು ಬೇವನ್ನೂ ಹೆಚ್ಚು ಮಾಡಿದಳು. ಮೊದಲ ಗುರುವಾರ ಬೆಣ್ಣೆ ಸೀನಿತು. ಎರಡನೆಯ ಗುರುವಾರವೂ ಸೀನಿತು.

ಅದರ ಮಾರನೆಯ ದಿನ ಸಣ್ಣತಾಯಮ್ಮ ಉಮ್ಮತ್ತೂರಿಗೆ, ತಂಗಿ ಚಿಕ್ಕಮಾದಮ್ಮನ ಬಾಣಂತನಕ್ಕೆ, ಹೋಗಲೇಬೇಕಾಯಿತು. ಮಲ್ಲಾಜಿಗೆ ಹುಲ್ಲು, ನೀರು, ಮಾತ್ರೆ ಎಲ್ಲ ತಿಳಿಸಿಹೋದಳು. ಮಕ್ಕಳ ಕೈಗೆ ಕೆಂಡ ಬೇಡವೆಂದು ಹೊಗೆಯ ಮಾತು ಎತ್ತಲಿಲ್ಲ. ಮೂರು ದಿನ ಕಳೆದು ಬಸ್ಸಿಳಿದು ನೇರ ಹಿತ್ತಿಲಿಗೆ ಬಂದರೆ ಗುರುಸಿದ್ದಮ್ಮನವರು ಕಲ್ಲುಬೆಂಚಿನ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿದ್ದರು.

"ಬಂದ್ಯಾ ತಾಯಿ? ಇನ್ನೂ ನಾಲ್ಕು ದಿನ ಅಲ್ಲೇ ಇದ್ದುಬುಡ್ಬಾರ್ದಾಗಿತ್ತ? ನೀನು ಅತ್ತಗೆ ಓದೆ, ಮೊಲ ಇತ್ತಗೆ ಸೀನೋದ ನಿಲ್ಲುಸ್ತು. ನಿನ್ನ ಗಾಳಿನೇ ಆಗಕಿಲ್ವೋ ಏನೋ ಅದುಕ್ಕೆ!"

"ಅಂಗಂತೀರಾ ಅವ್ವಾರೆ?" ಎಂದಳು ಸಣ್ಣತಾಯಮ್ಮ. ಮಾತು ನಾಟಿತ್ತು. ಮುಂಗಾಲು ನೋಡಿದಳು, ನಿಜವಾಗಿಯೂ ಒಣಗಿತ್ತು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಸಂಜೆಯ ಕೆಲಸಕ್ಕೆ ಕೈಹಾಕಿದಳು. ಮಡಕೆಗೆ ಕೆಂಡ, ಕೆಂಡಕ್ಕೆ ಬೇವು. ಗೂಡಿನ ಹತ್ತಿರ ಇಟ್ಟು, ಎಂದಿನಂತೆ ಎದ್ದು ಹೋಗದೆ, ಅಲ್ಲೇ ಕೂತಳು. ಹೊಗೆ ಒಳಗೆ ನುಗ್ಗಿತು. ಬೆಣ್ಣೆ ಹಿಂದಕ್ಕೆ ಸರಿಯಿತು. ಜಾಗ ಮುಗಿದಾಗ ತಿರುಗಿ, ಹಿಂಬದಿಯ ಎರಡು ಪಟ್ಟಿಗಳ ನಡುವಿನ ಸಂದಿಗೆ ಮೂಗನ್ನು ಒತ್ತಿಟ್ಟು ಹೊರಗಿನ ಗಾಳಿಯನ್ನು ಎಳೆಯತೊಡಗಿತು.

ಸಣ್ಣತಾಯಮ್ಮ ಮಡಕೆಯನ್ನು ಬರಿಗೈಯಲ್ಲೇ ಎತ್ತಿ ಬಚ್ಚಲಿಗೆ ಎಸೆದಳು. ಬೆರಳು ಸುಟ್ಟದ್ದು ಆಮೇಲೆ ಗೊತ್ತಾಯಿತು.

"ನಾನೇ ಕಣಪ್ಪ ಡಾಕ್ಟ್ರೇ," ಎಂದು ಮರುದಿನ ಗಂಗಾಧರಸ್ವಾಮಿಯವರ ಮೇಜಿನ ಮುಂದೆ ನಿಂತು ಹೇಳಿದಳು. "ದನಕ್ಕೆ ಬೇವು ಸುಟ್ಟಂಗೆ ಮೊಲಕ್ಕೂ ಸುಟ್ಬುಟ್ಟೆ. ದನದ ಕೊಟ್ಟಿಗೆ ಎಷ್ಟುದ್ದ, ಇದರ ಗೂಡು ಎಷ್ಟುದ್ದ? ನೀವು ವಾಸಿ ಮಾಡೋದು, ನಾನು ಸಂಜೆಗೆ ಕೆಡ್ಸೋದು. ಬೈಯ್ಯಿ ಬುದ್ಧಿ."

ಡಾಕ್ಟರು ಬೈಯಲಿಲ್ಲ. "ಹೊಗೆ ಹಾಕ್ತಿದ್ದೀಯಾ ಅಂತ ನಾನೂ ಕೇಳಲಿಲ್ಲ ನೋಡು," ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಹೊಗೆ ನಿಂತಿತು. ಸೊಳ್ಳೆಗೆಂದು ಹಳೆಯ ಸೀರೆಯ ತೆಳು ತುಂಡನ್ನು ಗೂಡಿಗೆ ಇಳಿಬಿಟ್ಟಳು. ಮೂರನೆಯ ಗುರುವಾರ ಬಂತು. ವೃಷಭೇಂದ್ರಪ್ಪನವರು ರುಮಾಲು ಸುತ್ತಿ ಎದ್ದರು. ಮಲ್ಲಾಜಿ ಗೂಡಿನ ಮುಂದೆ ಎರಡೂ ಕೈ ಬಿಗಿಹಿಡಿದು ನಿಂತಿದ್ದಳು, ಅವಳ ಹಿಂದೆ ಸಣ್ಣತಾಯಮ್ಮ. ಅವರು ನಡುಮನೆ ದಾಟಿದರು, ಹೊಸಿಲ ಮೇಲೆ ಒಂದು ಕಾಲಿಟ್ಟರು. ಬೆಣ್ಣೆ ಗರಿಕೆ ಮೆಲ್ಲುತ್ತಲೇ ಇತ್ತು.

ಆಗ ಅಡುಗೆಮನೆಯಿಂದ ಮನೆಯೇ ಅದುರುವಂಥ ಒಂದು ಸೀನು ಬಂತು. ಒಗ್ಗರಣೆಯ ಮೆಣಸಿನಕಾಯಿ ಸೀದುಹೋಗಿ ಗುರುಸಿದ್ದಮ್ಮನವರು ಸೆರಗು ಬಾಯಿಗಿಟ್ಟು ಹೊರಗೆ ಬಂದರು.

ವೃಷಭೇಂದ್ರಪ್ಪನವರು ತಿರುಗಿ ಬಂದು ಕೂತರು. ನೀರು ಕೇಳಿದರು. ಕುಡಿದು ಚೊಂಬು ಕೆಳಗಿಟ್ಟು, "ಈಗ ಯಾರ್ನ ಬಂಡೀಪುರಕ್ಕೆ ಬುಟ್ಟು ಬರನವ್ವ?" ಎಂದರು.

"ಅಯ್ಯೋ, ನಿನ್ನ ಬಾಯಿಗಿಷ್ಟು!" ಎಂದು ಗುರುಸಿದ್ದಮ್ಮನವರೇ ಮೊದಲು ನಕ್ಕರು. ಆಮೇಲೆ ಕಾಡಿನ ಮಾತು ಆ ಮನೆಯಲ್ಲಿ ಯಾರೂ ಎತ್ತಿಲ್ಲ.

ಕಾಯಿಲೆ ಹೋಗಿಬಿಟ್ಟಿಲ್ಲ. ಅಂದಿನಿಂದ ಎರಡು ಸಲ ಎದ್ದಿದೆ, ಎರಡು ಸಲವೂ ಸಣ್ಣತಾಯಮ್ಮನ ಹೆಬ್ಬೆರಳಿಗೆ ಮೊದಲ ದಿನವೇ ಸಿಕ್ಕಿಬಿದ್ದಿದೆ. ಮಾತ್ರೆಯ ಐದು ದಿನದಲ್ಲಿ ಮತ್ತೆ ಮಲಗಿದೆ. ಊರಿನಲ್ಲಿ ಈಗ ಕೆಲವರು ಅವಳನ್ನು ಮೊಲದ ಡಾಕ್ಟ್ರಮ್ಮ ಎನ್ನುತ್ತಾರೆ. ಕರೆದರೆ ತಿರುಗಿ ನೋಡುವುದಿಲ್ಲ, ಆದರೆ ತುಟಿಯಂಚಿನಲ್ಲಿ ನಗು ಮೂಡುತ್ತದೆ.

ಈ ಬೆಳಗ್ಗೆ ಅವಳು ಹೊಸ ಹುಲ್ಲನ್ನು ಹಾಸಿ, ಅಂಗೈಯಿಂದ ಒತ್ತಿ ತೇವ ನೋಡುತ್ತಿದ್ದಾಳೆ. ಮುಂದೆ ಮಾರ್ಗಶಿರ, ಪುಷ್ಯ. ಚಳಿ ಮೂಳೆಗೆ ಇಳಿಯುವ ತಿಂಗಳುಗಳು. ಮಲ್ಲಾಜಿ ಪಕ್ಕದಲ್ಲಿ ಕೂತು ಕೇಳುತ್ತಾಳೆ:

"ಬೆಣ್ಣೆಗೆ ಪೂರ್ತಿ ವಾಸಿ ಯಾವಾಗ ಆಯ್ತದೆ ತಾಯಮ್ಮ?"

"ಅದ ನಾನು ಕೇಳ್ಕಳಕಿಲ್ಲ ಕಣವ್ವ. ಈ ಚಳಿ ಒಂದ ದಾಟುಸ್ಬುಟ್ರೆ ಸಾಕು."

"ಆಮೇಲೆ?"

"ಆಮೇಲೆ ಇನ್ನೊಂದು ಚಳಿ ಬತ್ತದೆ," ಎಂದು ಸಣ್ಣತಾಯಮ್ಮ ಏಳುತ್ತಾಳೆ. "ನಾನೂ ಬತ್ತೀನಿ."