ಚೀಲ ದಣದದ

ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿ ಚೀಲ ಹೊರುವ ಹಮಾಲರು ತಾವು ದಣಿದೆವು ಎನ್ನುವುದಿಲ್ಲ, "ಚೀಲ ದಣದದ" ಎಂದು ಇಳಿಸುತ್ತಾರೆ. ಮೂವತ್ತು ವರ್ಷ ಹೊತ್ತ ಮಾಣಿಕಪ್ಪನೂ ಅಂಥವನೇ. ಜ್ವರ ಬಂದರೆ ಹಾಸಿಗೆ ಬಿಸಿಯಾಗಿದೆ ಎನ್ನುವನು, ಮೆಟ್ಟಿಲು ಹತ್ತಲಾಗದಿದ್ದರೆ ಅದನ್ನು ಕಟ್ಟಿದ ಗೌಂಡಿಯನ್ನು ಬೈಯುವನು. ಹೋದ ವರ್ಷ ಎದೆ ಹಿಡಿದಾಗಲೂ "ಅಂಗಿ ಬಿಗಿ ಆಗ್ಯದ" ಎನ್ನುತ್ತಲೇ ಬಿದ್ದ. ಹೆಂಡತಿ ಶೇವಂತಾ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಕೂತಳು. "ದಣಿವಾದ್ರ ಬಾಯಿಬಿಟ್ಟು ಹೇಳ್ರಿ, ಮುಚ್ಚಿಟ್ರ ಜೀವಕ್ಕ ಅಪಾಯ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಮೇಲೆ ಮೊದಲ ಸಲ ಊರು ಬಿಟ್ಟು, ಕಮಲಾಪುರದ ತಂಗಿಯ ಮನೆಗೆ ಎರಡು ದಿನಕ್ಕೆಂದು ಶೇವಂತಾಳೊಂದಿಗೆ ಬಂದವನಿಗೆ ಅಲ್ಲಿಯ ದೇಶಮುಖರ ಹಳೆಯ ದೊಡ್ಡ ವಾಡೆಮನೆಯನ್ನು ಮೊದಲ ದಿನವೇ ನೋಡಿ ಮುಗಿಸಬೇಕು. ಕುದುರೆ ಲಾಯ ನೋಡಿದ, ಬಾವಿ ಇಣುಕಿದ, ಕಾಳು ತುಂಬುವ ಹಗೇವಿಗೆ ಬಗ್ಗಿ ಎಷ್ಟು ಚೀಲ ಹಿಡಿದೀತೆಂದು ಅಂದಾಜು ಮಾಡಿದ. ದಿವಾನಖಾನೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು, "ಪಾಪ, ಈ ಕಂಬ ದಣದದ, ಸ್ವಲ್ಪ ಆಸರಿ ಕೊಡ್ತೀನಿ" ಎಂದ. "ಕಂಬದ ಬೆವರು ನಿಮ್ಮ ಹಣಿಗೆ ಹ್ಯಾಂಗ ಬಂತ್ರಿ?" ಎಂದಳು ಶೇವಂತಾ, ನಗಲು ಮಾತ್ರ ಅವಳಿಗೆ ಆಗಲಿಲ್ಲ. ಮಾಳಿಗೆಯ ಏಳು ಮೆಟ್ಟಿಲು ಹತ್ತಿದವನು ಎಂಟನೆಯದಕ್ಕೆ ಎತ್ತಿದ ಕಾಲನ್ನು ಇಳಿಸಿದ. ಗೋಡೆ ನೋಡಿದ, ಅವಳನ್ನು ನೋಡಿದ. "ಶೇವಂತಾ, ನಾ ದಣದೀನಿ" ಎಂದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಸೆರಗಿನಿಂದ ಮೆಟ್ಟಿಲಿನ ಧೂಳು ಝಾಡಿಸಿ, "ಕುಂದುರ್ರಿ ಮೊದಲ" ಎಂದಳು. "ಮ್ಯಾಲಿಂದು ನೋಡೂದು ಉಳೀತಲ್ಲ?" ಎಂದ. "ಇಷ್ಟು ವರ್ಷ ನಿಂತದ, ನಾಳಿ ತನಕ ನಿಂದ್ರಂಗಿಲ್ಲೇನು?" ಎನ್ನುತ್ತ ಶೇವಂತಾ ಅವನ ಪಕ್ಕದಲ್ಲೇ ಕೂತು, ಬೆಳಗಿನಿಂದ ಹಿಡಿದುಕೊಂಡಿದ್ದ ಉಸಿರನ್ನು ಬಿಟ್ಟಳು.