ಅಕ್ಕನ ಕಮೆಂಟುಗಳು

ನನ್ನ ಬ್ಲಾಗನ್ನು ಓದುವವರು ಬೆರಳೆಣಿಕೆಯಷ್ಟು ಜನ. ಅದಕ್ಕೆ ಅಂಟಿಸಿರುವ ಪ್ಲಗಿನ್ನು ಎಂಬ ಪುಟ್ಟ ಪ್ರೋಗ್ರಾಮುಗಳು ಅದಕ್ಕಿಂತ ಹೆಚ್ಚು. ಹೆಂಡತಿ ಇದನ್ನು ಮನೆಗೆ ಬಂದವರೆದುರೆಲ್ಲ ಹೇಳಿ ನಗುತ್ತಾಳೆ. ಅಡುಗೆಮನೆಯ ನಲ್ಲಿ ವಾರಗಟ್ಟಲೆ ಸೋರಿದರೂ ಕಣ್ಣಿಗೆ ಬೀಳದ ಮನುಷ್ಯ, ಬ್ಲಾಗಿನ ತಲೆಬರಹ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೆ ಊಟ ಬಿಟ್ಟು ಕೂರುತ್ತಾನೆ ಎಂಬುದು ಆಕೆಯ ದೂರು. ದೂರಿನಲ್ಲಿ ಸುಳ್ಳೇನಿಲ್ಲ.

ಹಾಗೆಂದು ನಾನು ಪ್ರೋಗ್ರಾಮರ್ ಅಲ್ಲ. ನಾಸಿಕದ ಸಾತಪುರದಲ್ಲಿ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೂತು ನಟ್ಟು ಬೋಲ್ಟು ಕೊಡುವವನು. ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ಹಾಕಿದ ಕೋಡಿನ ತುಂಡನ್ನು ಎತ್ತಿ ತಂದು, ಅರ್ಥವಾದಷ್ಟು ತಿದ್ದಿ, ಉಳಿದದ್ದನ್ನು ದೇವರ ಮೇಲೆ ಹಾಕಿ ಸೇವ್ ಒತ್ತುವವನು. ಒಮ್ಮೆ ಒಂದು ಅರ್ಧವಿರಾಮ ಬಿಟ್ಟುಹೋಗಿ ಇಡೀ ಬ್ಲಾಗು ಬಿಳಿ ಹಾಳೆಯಾಗಿತ್ತು. ಅವತ್ತು ನಾನು ಗಾಬರಿಯಾದ ರೀತಿಗೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಪಕ್ಕದ ಮನೆಯವರು ಓಡಿ ಬಂದಿದ್ದರು.

ಬ್ಲಾಗಿನಲ್ಲಿ ನಾನು ಬರೆಯುವುದು ಒಬ್ಬಳ ಬಗ್ಗೆಯೇ: ಅವ್ವ. ನಾನು ಶಾಲೆಗೆ ಸೇರುವ ಮೊದಲೇ ತೀರಿಕೊಂಡವಳು. ನನ್ನ ಬಳಿ ಇರುವುದು ಚೂರುಪಾರು ನೆನಪು. ಗೋದಾವರಿಯ ಘಾಟಿನ ಮೇಲೆ ಸೀರೆ ಹಿಂಡುವ ಎರಡು ಕೈ, ರೊಟ್ಟಿ ಬಡಿಯುವ ಸದ್ದು, ಬಳೆಗೆ ಸಿಕ್ಕಿಸಿಕೊಂಡ ಪಿನ್ನು. ಅಕ್ಕ ಆಗ ಹೈಸ್ಕೂಲಿನಲ್ಲಿದ್ದಳು. ಅವಳಿಗೆ ಇಡೀ ಅವ್ವ ಗೊತ್ತು, ನನಗೆ ಅವ್ವನ ಸೆರಗು ಮಾತ್ರ ಗೊತ್ತು.

ಅವ್ವ ಹೋದ ಮೇಲೆ ಅಪ್ಪ ನನ್ನನ್ನು ಬೀದರ ಕಡೆಯ ನಮ್ಮ ಹಳ್ಳಿಗೆ, ಅಜ್ಜಿಯ ಬಳಿ ಬಿಟ್ಟರು. ಅಲ್ಲಿದ್ದದ್ದು ಕನ್ನಡ ಶಾಲೆ. ಅಕ್ಕ ನಾಸಿಕದಲ್ಲೇ ಉಳಿದು, ಅಪ್ಪನಿಗೆ ಅಡುಗೆ ಮಾಡಿ ಹಾಕುತ್ತ ಮರಾಠಿ ಶಾಲೆ ಮುಗಿಸಿದಳು. ಮದುವೆಯಾಗಿ ಹೋದ ಊರು ಆಗ ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. ಹೀಗಾಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾವು ಆಡುವ ಮಾತು ಒಂದೇ ಕನ್ನಡ, ಓದಿ ಬರೆಯುವ ಅಕ್ಷರ ಬೇರೆ ಬೇರೆ. ಕೆಲಸಕ್ಕೆಂದು ನಾಸಿಕಕ್ಕೆ ಮರಳಿದ ಮೇಲೆ ನಾನು ಮರಾಠಿ ಅಕ್ಷರ ಓದಲು ಕಲಿತೆ, ನನ್ನ ಕನ್ನಡ ಅಕ್ಷರ ಮಾತ್ರ ಅವಳಿಗೆ ಓದಲು ಬಾರದು.

ಇನ್ನೊಂದು ತೊಡಕಿದೆ. ಅಕ್ಕ ಅವ್ವನ ವಿಷಯ ಬಾಯಿ ಬಿಡುವುದಿಲ್ಲ. ಕೇಳಿದರೆ ಹಾಲು ಉಕ್ಕೀತು ಎಂದು ಎದ್ದು ಒಳಗೆ ಹೋಗುತ್ತಾಳೆ. ಹಿಂದೆಯೇ ಹೋಗಿ ನೋಡಿದರೆ ಒಲೆಯ ಮೇಲೆ ಹಾಲೇ ಇರುವುದಿಲ್ಲ.

ಅದಕ್ಕೇ ನಾನು ಬರೆದ ಮೊದಲ ಕೋಡು ಅವಳಿಗಾಗಿಯೇ. ಪ್ರತಿ ಬರಹದ ಮೇಲೆ ಒಂದು ಗುಂಡಿ. ಒತ್ತಿದರೆ ಕನ್ನಡ ಅಕ್ಷರಗಳೆಲ್ಲ ಮರಾಠಿ ಅಕ್ಷರಗಳಾಗಿ ಬದಲಾಗುತ್ತವೆ, ಮಾತು ಕನ್ನಡದ್ದೇ ಇರುತ್ತದೆ. ಕಂಪ್ಯೂಟರಿನೊಳಗೆ ಎರಡೂ ಲಿಪಿಯ ಅಕ್ಷರಗಳು ಒಂದೇ ಕ್ರಮದಲ್ಲಿ ಕೂತಿವೆ, ಇದರ ಕ ಎದುರು ಅದರ ಕ. ಹಾಗಾಗಿ ನನ್ನಂಥವನಿಗೂ ಸಾಧ್ಯವಾಯಿತು. ಮರಾಠಿಯಲ್ಲಿ ಗಿಡ್ಡ ಎಕಾರ ಇಲ್ಲದ್ದರಿಂದ ನಮ್ಮ ಬೆಲ್ಲ ಅಲ್ಲಿ ಬೇಲ್ಲವಾಯಿತು. ಅಕ್ಕ ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಲಿಲ್ಲ. ಓದಿದಳು. ಓದಿದ ದಿನವೇ ಕೆಳಗೆ ಕಮೆಂಟು ಬಿತ್ತು, ಮರಾಠಿ ಅಕ್ಷರದಲ್ಲಿ ಬರೆದ ನಮ್ಮ ಮನೆಯ ಕನ್ನಡ. ತಪ್ಪು ಬರೆದಿದ್ದೀಯ, ಅವ್ವನ ಆ ಸೀರೆ ಹಸಿರು, ನೀಲಿ ಅಲ್ಲ, ಬಳೆಗೆ ಪಿನ್ನು ಸಿಕ್ಕಿಸುತ್ತಿದ್ದವಳು ಅವ್ವ ಅಲ್ಲ, ಪಕ್ಕದ ಮನೆಯ ಮಾವಶಿ ಎಂದು.

ನನಗೆ ಆದ ಸಂತೋಷ ಹೇಳತೀರದು. ಪಿನ್ನು ಕಳೆದುಹೋಯಿತು, ಹಸಿರು ಸೀರೆ ಸಿಕ್ಕಿತು. ಬಾಯಿಂದ ಬಾರದ ಮಾತು ಬೆರಳಿನಿಂದ ಬರುತ್ತಿತ್ತು. ನಾನು ಬರೆಯುವುದು, ಅವಳು ಕಿವಿ ಹಿಂಡುವುದು, ನಾನು ತಿದ್ದುವುದು. ಎಷ್ಟೋ ಸಲ ಅವಳು ಬಯ್ಯಲಿ ಎಂದೇ ಬೇಕೆಂದು ತಪ್ಪು ಬರೆದಿದ್ದೇನೆ.

ಅಷ್ಟರಲ್ಲಿ ಕಸದ ಕಮೆಂಟುಗಳ ಕಾಟ ಶುರುವಾಯಿತು. ಬೂಟು ಮಾರುವವರು, ಔಷಧಿ ಮಾರುವವರು, ರಷ್ಯನ್ ಅಕ್ಷರದಲ್ಲಿ ಏನನ್ನೋ ಮಾರುವವರು. ಅವ್ವನ ಸಾರಿನ ಬಗ್ಗೆ ಬರೆದರೆ ಅದರ ಕೆಳಗೆ ಇಂಥ ನೂರಾರು. ಅದಕ್ಕೆಂದೇ ಇರುವ ಪ್ಲಗಿನ್ನು ಹಾಕಿದೆ, ಅರ್ಧ ಹಿಡಿಯಿತು, ಅರ್ಧ ಬಿಟ್ಟಿತು. ತಲೆ ಕೆಟ್ಟು ಒಂದು ರವಿವಾರ ನಾನೇ ಮೂರು ಸಾಲಿನ ಕೋಡು ಬರೆದೆ. ಕಮೆಂಟಿನಲ್ಲಿ ಒಂದಾದರೂ ಕನ್ನಡ ಅಕ್ಷರ ಇಲ್ಲದಿದ್ದರೆ, ನನ್ನನ್ನು ಕೇಳದೆ, ನನಗೆ ಮೇಲ್ ಕಳಿಸದೆ, ನೇರ ಕಸದಬುಟ್ಟಿಗೆ ಹಾಕು ಎಂದು. ಕನ್ನಡದ ಬ್ಲಾಗಿಗೆ ಕನ್ನಡದಲ್ಲೇ ಕಮೆಂಟು ಬರಬೇಕಲ್ಲ. ಕಸದಬುಟ್ಟಿ ಆಗಾಗ ತಾನೇ ಖಾಲಿಯಾಗುವ ವ್ಯವಸ್ಥೆ ಮೊದಲೇ ಇತ್ತು. ಅವತ್ತಿನಿಂದ ಬ್ಲಾಗು ಎಷ್ಟು ಸ್ವಚ್ಛವಾಯಿತೆಂದರೆ ನಾನು ಹೆಂಡತಿಯನ್ನು ಕರೆದು ತೋರಿಸಿದೆ.

ಅಕ್ಕನ ಕನ್ನಡ ನನ್ನ ಕಿವಿಗೆ ಕನ್ನಡವೇ. ಅದು ಯಾವ ಅಕ್ಷರದಲ್ಲಿ ಬರುತ್ತದೆ ಎಂಬುದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ.

ಆ ವಾರದಲ್ಲೇ ನಾನು ಬಹಳ ದಿನದಿಂದ ಮುಂದೂಡಿದ್ದ ಒಂದು ಬರಹ ಹಾಕಿದೆ. ಅವ್ವನಿಗೆ ಹುಷಾರು ತಪ್ಪಿ, ನಾಸಿಕದಿಂದ ಅವಳನ್ನು ಜೀಪಿನಲ್ಲಿ ಔರಂಗಾಬಾದಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ ದಿನದ್ದು. ಜೊತೆಗೆ ಹೋದದ್ದು ಅಪ್ಪ ಮತ್ತು ಅಕ್ಕ. ನನ್ನನ್ನು ಪಕ್ಕದ ಮನೆಯ ಮಾವಶಿಯ ಬಳಿ ಬಿಟ್ಟಿದ್ದರು. ಅವ್ವ ವಾಪಸ್ಸು ಬರಲಿಲ್ಲ. ಜೀಪು ಹೊರಟಾಗ ಅಕ್ಕ ನನ್ನ ಕಡೆ ತಿರುಗಿ ನೋಡಲಿಲ್ಲ ಎಂದು ಬರೆದೆ. ಕೊನೆಗೆ, ದವಾಖಾನೆಯಲ್ಲಿ ಅವ್ವ ನನ್ನನ್ನು ಕೇಳಿದಳೇ, ನನ್ನ ಹೆಸರು ಹಿಡಿದಳೇ, ಅದು ಗೊತ್ತಿರುವುದು ಅಕ್ಕನಿಗೊಬ್ಬಳಿಗೇ ಎಂದೂ ಬರೆದೆ. ಜೀವಮಾನದಲ್ಲಿ ನಾನು ಅವಳನ್ನು ಕೇಳಬೇಕೆಂದುಕೊಂಡದ್ದು ಅದೊಂದೇ ಪ್ರಶ್ನೆ.

ಕಮೆಂಟು ಬರಲಿಲ್ಲ. ತಿರುಗಿ ನೋಡಲಿಲ್ಲ ಎಂಬ ಮಾತು ಅವಳಿಗೆ ನಾಟಿರಬೇಕು ಎಂದುಕೊಂಡೆ. ಫೋನಿನಲ್ಲಿ ಮಾತಾಡುತ್ತಲೇ ಇದ್ದೆವು, ಪೇಟೆಗೆ ಬಂದ ಸಟಾಣಾದ ದಾಳಿಂಬೆ, ಅವಳ ಮೊಣಕಾಲು, ಸೊಸೆಯ ಪರೀಕ್ಷೆ. ಅವಳ ದನಿ ತಣ್ಣಗಿತ್ತು. ನಾನೂ ಕೆದಕಲಿಲ್ಲ. ಗಾಯಕ್ಕೆ ಮತ್ತೆ ಕೈ ಹಾಕುವುದೇಕೆಂದು ಬಾಯಿ ಮುಚ್ಚಿಕೊಂಡು ಕೂತೆ.

ಶ್ರಾವಣ ಬಂತು. ಸೋಮವಾರ ವೇರೂಳಿನ, ಅಂದರೆ ಎಲ್ಲೋರದ, ಘೃಷ್ಣೇಶ್ವರನ ದರ್ಶನಕ್ಕೆ ಹೋಗುವುದು ಅಕ್ಕನ ರೂಢಿ. ಈ ಸಲ ನಾನೂ ರಜೆ ಹಾಕಿ ಹೋದೆ. ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ದರ್ಶನ ಮುಗಿಸಿ, ಹೊರಗಿನ ಅಂಗಡಿಯಲ್ಲಿ ಉಪವಾಸದ ಸಾಬೂದಾಣೆ ಖಿಚಡಿ ತಗೊಂಡು ಬೆಂಚಿನ ಮೇಲೆ ಕೂತೆವು. ಅಕ್ಕ ತಟ್ಟೆಯಿಂದ ಮೆಣಸಿನಕಾಯಿ ಆರಿಸಿ ನನ್ನ ತಟ್ಟೆಗೆ ಹಾಕುತ್ತ, ನನ್ನ ಮುಖ ನೋಡದೆ ಕೇಳಿದಳು.

"ಆ ಜೀಪಿಂದು ಬರ್ದಿದ್ದಿ ನೋಡು. ಅದ್ರ ಕೆಳಗ ನಾ ಬರ್ದಿದ್ದು ಓದ್ದಿ ಇಲ್ಲ?"

ಏನೂ ಬಂದಿಲ್ಲವಲ್ಲ ಅಕ್ಕಾ ಎಂದೆ.

"ಭಾಳ ಬರ್ದೀನಲ್ಲೋ. ದವಾಖಾನ್ಯಾಗಿಂದು ಎಲ್ಲಾ. ಅವ್ವ ನಿನ್ನ ಬಗ್ಗೆ ಅಂದಿದ್ದು ಭೀ. ಮಂದಿಗಿ ಯಾಕ ತೋರ್ಸೋದು ಅಂತ ನೀನೇ ತೆಗ್ದಿಟ್ಕೊಂಡಿ ಅಂದ್ಕೊಂಡಿದ್ದೆ. ಓದಿ ಒಂದ್ ಫೋನ್ ಆದ್ರೂ ಮಾಡ್ತಾನ ಅಂತ ದಾರಿ ನೋಡಿದೆ."

ಆಗ ನನಗೆ ಹೊಳೆಯಿತು. ಅಲ್ಲೇ ಮೊಬೈಲು ತೆಗೆದು ಬ್ಲಾಗಿನೊಳಗೆ ಹೋಗಿ ಕಸದಬುಟ್ಟಿ ತೆರೆದೆ. ಅವತ್ತಿನವು, ಮೊನ್ನೆಯವು ಕೆಲವು ಬೂಟುಗಳಿದ್ದವು. ಹಳೆಯದೆಲ್ಲ ಖಾಲಿ. ಬ್ಯಾಕಪ್ಪಿಗೂ ಒಂದು ಪ್ಲಗಿನ್ನು ಇದೆ ನನ್ನ ಹತ್ತಿರ. ಜಾಗ ಉಳಿಯಲಿ, ಕಸ ಬಿಟ್ಟು ಉಳಿದದ್ದು ತೆಗೆದಿಡು ಎಂದು ಅದಕ್ಕೆ ನಾನೇ ಹೇಳಿಟ್ಟಿದ್ದೆ. ಅದು ಹೇಳಿದ ಮಾತು ಚೆನ್ನಾಗಿ ಕೇಳಿದೆ. ಬ್ಲಾಗಿಗೆ ಜಾಗ ಕೊಟ್ಟ ಕಂಪನಿಗೆ ಫೋನು ಮಾಡಿದೆ. ಒಂದು ಹುಡುಗಿ ಬಹಳ ನಯವಾಗಿ, ಒಂದು ವಾರಕ್ಕಿಂತ ಹಿಂದಿನದು ತಮ್ಮಲ್ಲಿ ಇರುವುದಿಲ್ಲ ಎಂದಳು. ಅಕ್ಕನ ಮೊಬೈಲಿನಲ್ಲೂ ಇರಲಿಲ್ಲ. ಅವಳು ನೇರ ಕಮೆಂಟಿನ ಡಬ್ಬಿಯೊಳಗೇ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬರೆದಿದ್ದಳು.

ಕೈಚೆಲ್ಲಿ ಕೂತೆ. ಅಕ್ಕನಿಗೆ ಆದದ್ದನ್ನೆಲ್ಲ ವಿವರಿಸಿದೆ. ಬೇಕಾದರೆ ಕಾಲು ಹಿಡಿಯುತ್ತೇನೆ, ಇನ್ನೊಮ್ಮೆ ಬರಿ, ಇಲ್ಲವೇ ಈಗಲೇ ಹೇಳು ಎಂದೆ. ಅವಳು ಬಾಯಿ ತೆರೆದಳು. ಸುಮ್ಮನೆ ತಲೆ ಅಲ್ಲಾಡಿಸಿದಳು.

"ಆಗಲ್ಲೋ. ಒಮ್ಮಿ ಹ್ಯಾಂಗೋ ಬರ್ದೆ. ಮತ್ತ ಆಗಲ್ಲ."

ಅಂಗಡಿಯವನು ಬಂದು ತಟ್ಟೆ ಎತ್ತಿಕೊಂಡು ಹೋದ. ಆಮೇಲೆ ಅವಳು, ಆ ನಿನ್ನ ಮಶೀನು ಏನು ನೋಡಿ ಬಿಡುತ್ತಿತ್ತು, ಏನು ನೋಡಿ ತೆಗೆಯುತ್ತಿತ್ತು ಎಂದು ಮತ್ತೊಮ್ಮೆ ಕೇಳಿದಳು. ಹೇಳಿದೆ.

"ಒಂದೇ ಒಂದು ಕನ್ನಡ ಅಕ್ಷರ ಇದ್ರೂ ಬಿಡ್ತಿತ್ತೇನು?"

ಹೂಂ ಎಂದೆ.

"ನನಗ ಅ ಬರೀಲಿಕ್ ಬರ್ತದಲ್ಲೋ ತಮ್ಮಾ. ಅವ್ವ ಪರಾತಿನ್ಯಾಗ ಜೋಳದ ಹಿಟ್ಟು ಹರವಿ ಕಲಿಸಿದ್ಳು. ಅದೊಂದೇ ಬರ್ತದ."

ನಾನು ಅಳುವ ಜಾತಿಯವನಲ್ಲ. ಅವತ್ತು ಆ ಬೆಂಚಿನ ಮೇಲೆ, ಹೋಗಿ ಬರುವ ಯಾತ್ರಿಕರ ನಡುವೆ ಕೂತು ಅತ್ತೆ. ಅಕ್ಕ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದಳು.

ನಾಸಿಕಕ್ಕೆ ಬಂದು ಮೊದಲು ಆ ಮೂರು ಸಾಲು ಕಿತ್ತು ಹಾಕಿದೆ. ಈಗ ಎಲ್ಲವೂ ಒಳಗೆ ಬರುತ್ತವೆ. ಹಿಂದಿಯಲ್ಲಿ ಸಾಲ ಕೊಡುವವರು, ಮರಾಠಿಯಲ್ಲಿ ಪ್ಲಾಟು ಮಾರುವವರು. ನಾನು ಕೈಯಾರೆ ತೆಗೆಯುತ್ತೇನೆ. ತೆಗೆಯುವ ಮೊದಲು ಪ್ರತಿಯೊಂದನ್ನೂ ಕೊನೆಯವರೆಗೆ ಓದುತ್ತೇನೆ. ಹೆಂಡತಿ ಈಗ ಇದಕ್ಕೆ ನಗುವುದಿಲ್ಲ.

ದೀಪಾವಳಿ ಕಳೆದ ಮೇಲೆ ಆ ಜೀಪಿನ ಬರಹದ ಕೆಳಗೆ ಒಂದು ಕಮೆಂಟು ಬಂತು. ಅಕ್ಕನದು. ಸೊಸೆಯ ಕೈಯಲ್ಲಿ ಮೊಬೈಲಿಗೆ ಕನ್ನಡ ಹಾಕಿಸಿಕೊಂಡಿರಬೇಕು. ಕಮೆಂಟಿನಲ್ಲಿ ಇದ್ದದ್ದು ಒಂದೇ ಅಕ್ಷರ, ಅ. ಅದರ ಮುಂದೆ ಏನೂ ಇರಲಿಲ್ಲ. ನಾನು ಅದನ್ನು ಹಾಗೆಯೇ ಪ್ರಕಟಿಸಿದೆ.