ಮಗನಿಗಿಂತ ಚಿಕ್ಕವನಾದ ತಾತ

ಪರದೇಶದ ಬುಕಿತ್ ಬಾಟೋಕ್‌ನಲ್ಲಿ, ಹಾಕರ್ ಸೆಂಟರ್ ಎನ್ನುವ ಊಟದಂಗಡಿಗಳ ಸಾಲಿನಲ್ಲಿ, ಚಿಕ್ಕಪ್ಪನ ಮಗ ಸ್ಯಾಮ್ ಊಟದ ತಟ್ಟೆಗಳನ್ನು ಸರಿಸಿ, ಲ್ಯಾಪ್‌ಟಾಪ್ ತೆರೆದು ನಮ್ಮ ವಂಶವೃಕ್ಷ ತೋರಿಸಿದ. ಫ್ರೇಮ್ ಹಾಕಿಸಿ ಮನೆಯ ಹಾಲ್‌ನಲ್ಲಿ ತೂಗುಹಾಕುತ್ತಾನಂತೆ. ಹೆಸರುಗಳ ಕೆಳಗಿನ ಇಸವಿ ನೋಡಿದರೆ, ನಮ್ಮ ತಾತ ಯೋಹಾನ ತನ್ನ ಮಗನಿಗಿಂತ, ಅಂದರೆ ನನ್ನ ಅಪ್ಪನಿಗಿಂತ, ಚಿಕ್ಕವನು!

"ಇದು ಹುಟ್ಟಿದ ಇಸವಿ ಅಲ್ಲ ಕಣೋ, ದೀಕ್ಷಾಸ್ನಾನದ್ದು," ಎಂದೆ. ನಮ್ಮದು ಮೆನೊನೈಟ್ ಸಭೆ. ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಂದ ಮೇಲೆ ತಾನೇ ಒಪ್ಪಿ ನೀರಿಗಿಳಿಯಬೇಕು. ತಾತ ಊರ ಕೆರೆಗೆ ಇಳಿದಾಗ ಅಪ್ಪ ಆಗಲೇ ನಡೆದಾಡುತ್ತಿದ್ದ. ಅಪ್ಪನ ಶಾಲೆಯ ಟಿ.ಸಿ.ಯಲ್ಲಿ ಮಾತ್ರ ತಂದೆಯ ಹಳೆಯ ಹೆಸರು ಹನುಮಪ್ಪ ಎಂದೇ ಉಳಿದಿದೆ, ಕೆಳಗೇ ಜಾತಿಯೂ ಇದೆ. ಆ ಹನುಮಪ್ಪನೇ ನೀರಿನಿಂದೆದ್ದು ಯೋಹಾನ ಆದದ್ದು.

"ಗೊತ್ತು ಅಕ್ಕ," ಎಂದು ಸ್ಯಾಮ್ ದನಿ ತಗ್ಗಿಸಿದ. "ಆದ್ರೆ ಟಿ.ಸಿ. ನಂಬಿದ್ರೆ ಹನುಮಪ್ಪ ಅಂತ ಹಾಕ್ಬೇಕು. ಮನೆಗೆ ಬೆಂಗಳೂರಿನ ಕಲೀಗ್ಸ್ ಬರ್ತಾರೆ, ನೀವು ಯಾವ ಜನ ಅಂತ ಶುರು ಮಾಡ್ತಾರೆ. ರೆಕಾರ್ಡ್ಸ್ ಮ್ಯಾಚ್ ಆಗ್ಲಿಲ್ಲ, ಚರ್ಚ್‌ದು ಇಟ್ಕೊಂಡೆ ಅಷ್ಟೆ. ಬೇಕಾದ್ರೆ ಇಸವಿಗಳನ್ನೇ ಡಿಲೀಟ್ ಮಾಡ್ತೀನಿ."

ತಾತ ಇಳಿದದ್ದು ಒಂದು ಕೆರೆಗೆ, ಇವನು ಸಮುದ್ರವನ್ನೇ ದಾಟಿ ಬಂದಿದ್ದಾನೆ. ಹೆದರಿಕೆ ಮಾತ್ರ ಹಾಗೇ ಇದೆ.

"ಹಾಗಾದ್ರೆ ನನ್ನ ಹೆಸರೂ ತೆಗಿ. ನಾನು ಹನುಮಪ್ಪನ ಮೊಮ್ಮಗಳು."

ಬೇಡ ಅಕ್ಕ ಎನ್ನುತ್ತಾನೆ ಅಂದುಕೊಂಡಿದ್ದೆ. ಅವನು ಕೀ ಒತ್ತಿದ. ನನ್ನ ಹೆಸರಿದ್ದ ಚೌಕ ಮಾಯವಾಯಿತು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿ, "ನೂಡಲ್ಸ್ ಆರಿಹೋಗತ್ತೆ, ತಿನ್ನು ಅಕ್ಕ," ಎಂದ.